ಹಿಂದಲೆಯ ಸಿಕ್ಕು

ಮಹಡಿ ಮನೆಯಿಂದ,
ಜೂನ್ ೮, ಭಾನುವಾರ ಮಧ್ಯಾಹ್ನ.

ಪ್ರೀತಿಯ ಅಕ್ಕನಿಗೆ ತಂಗಿಯ ನಮಸ್ಕಾರ.

ನಿನ್ನ ಮಂಡಿನೋವು ಹೇಗಿದೆ? ಮಗನ ಮನೆಗೆ ಮೆಟ್ಟಿಲಿಲ್ಲ ಎಂದು ಬರೆದಿದ್ದೆಯಲ್ಲ, ಓದಿದ ತಕ್ಷಣ ದೇವರಿಗೆ ಕೈಮುಗಿದೆ. ಆದರೂ ಕೂಸನ್ನು ಎತ್ತಿಕೊಂಡು ಬಗ್ಗಬೇಡ. ಮೊದಲು ನೀನು ಗೋಡೆಗೆ ಒರಗಿ ಕೂತುಕೋ, ಆಮೇಲೆ ಯಾರಾದರೂ ಕೂಸನ್ನು ಮಡಿಲಿಗೆ ಕೊಡಲಿ. ಕೊಡಲು ಯಾರೂ ಇಲ್ಲದಿದ್ದರೆ ಸ್ವಲ್ಪ ಹೊತ್ತು ಅಳಲಿ ಬಿಡು, ಅತ್ತ ಮಕ್ಕಳೆಲ್ಲ ನಮ್ಮ ಹಾಗೆ ಗಟ್ಟಿಯಾಗಿಯೇ ಬೆಳೆದಿವೆ. ಸೊಸೆಗೆ ಆಸ್ಪತ್ರೆಯಲ್ಲಿ ಇನ್ನೂ ರಾತ್ರಿ ಪಾಳಿಯೇ? ನರ್ಸ್ ಆದರೇನು, ಅವಳೂ ಬಾಣಂತನ ಮುಗಿಸಿ ಎದ್ದವಳೇ ಅಲ್ಲವೇ, ಅಷ್ಟು ಕರುಣೆ ಆಸ್ಪತ್ರೆಯವರಿಗಿರಬೇಡವೇ? ನಮ್ಮ ಹುಡುಗನಿಗೆ ಟ್ಯಾಂಕರ್ ಓಡಿಸುವಾಗ ಕಣ್ಣೆಳೆದರೆ ರಸ್ತೆ ಬದಿಗೆ ನಿಲ್ಲಿಸಿ ಮಲಗು ಎಂದು ನೀನೇ ಹೇಳು. ನಾನು ಹೇಳಿದರೆ ‘ಸರಿ ಚಿಕ್ಕಮ್ಮ’ ಎಂದು ನಕ್ಕು ಹಾರಿಸಿಬಿಡುತ್ತಾನೆ. ನಾನು ಚೆನ್ನಾಗಿದ್ದೇನೆ. ಹೊಟ್ಟೆಗೆ ಸೇರುತ್ತದೆ, ನಿದ್ದೆ ಬರುತ್ತದೆ. ಬಲಭುಜ ಮಾತ್ರ ಹಟ ಹಿಡಿದಿದೆ, ಕೈ ಕಿವಿಯವರೆಗೆ ಏಳುತ್ತದೆ, ಅದಕ್ಕಿಂತ ಮೇಲೆ ಒಲ್ಲೆ ಎನ್ನುತ್ತದೆ. ಅದರ ಮಾತು ಮುಂದೆ ಬರುತ್ತದೆ.

ಮೊನ್ನೆ ಫೋನಿನಲ್ಲೇ ಎಲ್ಲ ಹೇಳಬೇಕೆಂದಿದ್ದೆ, ಆಗಲಿಲ್ಲ. ನೀವು ಫೋನನ್ನು ಸ್ಪೀಕರಿಗೆ ಹಾಕಿ ಹಾಸಿಗೆಯ ಮೇಲೆ ಇಟ್ಟುಬಿಡುತ್ತೀರಿ. ನಾನೊಂದು ಮಾತಾಡಿದರೆ ಕೂಸು ಎರಡು ಮಾತಾಡುತ್ತದೆ, ಅದಕ್ಕೆ ನೀನು ಉತ್ತರ ಕೊಡುತ್ತಾ ಕೂರುತ್ತೀಯ, ಕೊನೆಗೆ ಹುಡುಗ ಎಲ್ಲಿಂದಲೋ ಬಂದು ‘ಚಿಕ್ಕಮ್ಮ, ಊಟ ಆಯ್ತಾ? ಸರಿ, ಇಡ್ತೀನಿ’ ಎಂದು ಕೂಗಿ ಮುಗಿಸುತ್ತಾನೆ. ನನಗೇನೂ ಬೇಸರವಿಲ್ಲ, ಕೂಸಿನ ದನಿ ಕೇಳಿದರೆ ಅಷ್ಟೇ ಸಂತೋಷ. ಆದರೆ ಈಗ ಹೇಳಬೇಕಾದದ್ದು ಹಾಸಿಗೆಯ ಮೇಲಿಟ್ಟು ಕೇಳುವ ಮಾತಲ್ಲ. ಅದಕ್ಕೇ ಕಾಗದ ಹಿಡಿದಿದ್ದೇನೆ. ನೀನು ಒಬ್ಬಳೇ ಓದಿಕೋ. ಸೊಸೆ ಕೇಳಿದರೆ ಚಿಕ್ಕತ್ತೆ ಭುಜನೋವಿಗೆ ಎಣ್ಣೆ ಯಾವುದು ಎಂದು ಕೇಳಿದ್ದಾಳೆ ಅನ್ನು. ಸುಳ್ಳಾಗದಿರಲಿ ಎಂದು ಇಲ್ಲೇ ಕೇಳಿಬಿಡುತ್ತೇನೆ, ಭುಜನೋವಿಗೆ ಯಾವ ಎಣ್ಣೆ ಒಳ್ಳೆಯದು?

ವಿಷಯ ಏನೆಂದರೆ, ನಾಳೆ ನನ್ನ ಕೂದಲಿನ ತೀರ್ಮಾನ ಆಗಬೇಕು. ಒಂದೋ ನಾನು ಕೆಲಸ ಮಾಡುವ ಹೋಟೆಲಿನ ಪಾರ್ಲರಿನಲ್ಲಿ ಕೂತು ಇದನ್ನು ನೇರ ಮಾಡಿಸಿಕೊಳ್ಳಬೇಕು, ಇಲ್ಲವೇ ಲಾಂಡ್ರಿಯ ಮಡಿಸುವ ಮೇಜು ಬಿಟ್ಟು ಒದ್ದೆ ಕಡೆಗೆ ಹೋಗಬೇಕು. ನಗಬೇಡ. ಐವತ್ತಕ್ಕೆ ಬಂದವಳಿಗೆ ಕೂದಲಿನ ಚಿಂತೆಯೇ ಎಂದು ಕನ್ನಡಿ ಮುಂದೆ ನಿಂತು ನಾನೇ ನಕ್ಕಾಗಿದೆ. ನಕ್ಕು ಮುಗಿದ ಮೇಲೂ ಕೂದಲು ಹಾಗೇ ಇತ್ತು.

ಅದಕ್ಕಿಂತ ಮೊದಲು ನಿನ್ನ ಫೋಟೋದ ಮಾತು ಆಡಿಬಿಡುತ್ತೇನೆ, ಮನಸ್ಸಿನಲ್ಲಿ ಇಟ್ಟುಕೊಂಡು ಬೇರೆ ಬರೆಯಲು ಬರುವುದಿಲ್ಲ. ಕೂಸನ್ನು ಮಡಿಲಲ್ಲಿ ಇಟ್ಟುಕೊಂಡು ನೀನು ಕಿಟಕಿ ಹತ್ತಿರ ಕೂತಿರುವ ಫೋಟೋ. ಮೊದಲು ನನಗೆ ಗುರುತೇ ಸಿಗಲಿಲ್ಲ, ಸೊಸೆಯ ತಾಯಿ ಬಂದಿದ್ದಾರೆ ಅಂದುಕೊಂಡೆ. ಆಮೇಲೆ ಮೊಣಕೈ ಹತ್ತಿರದ ಸುಟ್ಟ ಕಲೆ ಕಂಡಿತು. ಕೂದಲು ಮಳೆಯಲ್ಲಿ ನೆನೆದವರ ಹಾಗೆ ನೆತ್ತಿಗೆ ಅಂಟಿ ಎರಡೂ ಕಡೆ ನೆಟ್ಟಗೆ ಇಳಿದಿತ್ತು. ಚೆನ್ನಾಗಿ ಕಾಣುತ್ತೀಯ, ಇಲ್ಲ ಎಂದರೆ ದೇವರು ಮೆಚ್ಚುವುದಿಲ್ಲ. ವಯಸ್ಸೂ ಇಳಿದಿದೆ. ಆದರೆ ನಮ್ಮಿಬ್ಬರನ್ನು ಅಕ್ಕಪಕ್ಕ ನಿಲ್ಲಿಸಿದರೆ ಅಕ್ಕತಂಗಿಯರು ಎಂದು ಇನ್ನು ಯಾರೂ ಹೇಳಲಾರರು. ಜೊತೆಗಿದ್ದ ಕಾಗದದಲ್ಲಿ ನೀನು, ‘ಸೊಸೆ ಕರ್ಕೊಂಡು ಹೋಗಿ ಮಾಡಿಸಿದ್ಲು. ಬಾಚಣಿಗೆ ಮೇಲಿಂದ ಬಿಟ್ರೆ ಸರ್ರಂತ ಇಳಿಯುತ್ತೆ. ನೀನೂ ಮಾಡಿಸ್ಕೋ, ಯಾರ ಹಂಗೂ ಬೇಡ’ ಎಂದು ಬರೆದಿದ್ದೀಯ. ಕಾಗದ ಮಡಿಚಿಟ್ಟ ಮೇಲೂ ಆ ಕೊನೆಯ ಮಾತನ್ನು ನಾನು ಓದುತ್ತಲೇ ಇದ್ದೆ. ನಿನ್ನ ತಲೆ ನಾನು ಬಾಚಿದ್ದು, ನನ್ನ ತಲೆ ನೀನು ಬಾಚಿದ್ದು ಹಂಗು ಎಂದು ನನಗೆ ಇಷ್ಟು ದಿನ ಗೊತ್ತಿರಲಿಲ್ಲ ಅಕ್ಕಾ. ಸಿಟ್ಟು ಎಂದು ತಿಳಿಯಬೇಡ. ಸಿಟ್ಟಾಗಿದ್ದರೆ ಅವತ್ತೇ ಬರೆದು ಅಂಚೆಗೆ ಹಾಕಿರುತ್ತಿದ್ದೆ.

ಅಮ್ಮ ಕಲಿಸಿದ್ದು ನಿನಗೆ ನಾನು ಹೇಳಿಕೊಡಬೇಕೇ? ಗುಂಗುರು ಕೂದಲನ್ನು ಒಣಗಿದಾಗ ಮುಟ್ಟಬಾರದು. ಒದ್ದೆ ಇರುವಾಗಲೇ ಬೆರಳಿನಿಂದ ಬಿಡಿಸಬೇಕು, ತುದಿಯಿಂದ ಶುರುಮಾಡಿ ಬುಡಕ್ಕೆ ಬರಬೇಕು. ಮುಂದಲೆಯನ್ನು ಅವರವರೇ ನೋಡಿಕೊಳ್ಳಬಹುದು, ಹಿಂದಲೆಗೆ ಇನ್ನೊಬ್ಬರ ಕೈ ಬೇಕು. ‘ಬೇರೆಯೋರ ಕೂದಲನ್ನ ದೇವರು ಎಳೆದು ಬಿಟ್ಟುಬಿಟ್ಟ. ನಿಮ್ಮದನ್ನ ಒಂದೊಂದೇ ಬೆರಳಿಗೆ ಸುತ್ತಿ ಸುತ್ತಿ ಬಿಟ್ಟಿದ್ದಾನೆ. ಅವನು ಅಷ್ಟು ಪುರಸೊತ್ತು ಮಾಡ್ಕೊಂಡಿದ್ದಾನೆ, ನಿಮಗೇನೇ ಧಾಡಿ ಪುರಸೊತ್ತಾಗಿ ಬಾಚೋಕೆ?’ ಎಂದು ಬೈಯುತ್ತಿದ್ದಳು. ಊರ ಶಾಲೆಯ ಮೇಷ್ಟ್ರು ನಮ್ಮನ್ನು ದೊಡ್ಡ ಗುಂಗುರು, ಚಿಕ್ಕ ಗುಂಗುರು ಎಂದೇ ಹಾಜರಿ ಕೂಗುತ್ತಿದ್ದರು, ನಾವೂ ನಾಚಿಕೆಯಿಲ್ಲದೆ ‘ಬಂದಿದ್ದೀನಿ ಸಾರ್’ ಎನ್ನುತ್ತಿದ್ದೆವು. ಮತ್ತೆ ಆ ಪ್ರಾರ್ಥನೆ. ಕೂದಲನ್ನು ಪಾಲು ಮಾಡಿಕೊಂಡು ಒಂದೊಂದು ಪಾಲಿಗೆ ಒಂದೊಂದು ಸಲ ದೇವರನ್ನು ಕರೆಯುವುದು. ಹಿಂದೆ ನಿಂತು ಬಾಚುವವಳು ‘ಬೆಳಕು ಕೊಟ್ಟವನೇ’ ಎಂದರೆ ಮುಂದೆ ಕೂತವಳು ‘ಕೈಬಿಡಬೇಡ’ ಎನ್ನಬೇಕು. ‘ನೀರು ಕೊಟ್ಟವನೇ’, ‘ಕೈಬಿಡಬೇಡ’. ‘ಅನ್ನ ಕೊಟ್ಟವನೇ’, ‘ಕೈಬಿಡಬೇಡ’. ಅಮ್ಮ ಹೋದ ಮೇಲೆ ನೀನು ನಿನ್ನಿಷ್ಟ ಬಂದ ಹೆಸರೆಲ್ಲ ಸೇರಿಸತೊಡಗಿದೆ. ‘ಬಚ್ಚಲ ನಲ್ಲಿ ಸೋರೋದು ನಿಲ್ಲಿಸೋನೇ’, ‘ಮನೆ ಓನರಿಗೆ ಬುದ್ಧಿ ಕೊಡೋನೇ’. ನಗು ಬಂದು ನನ್ನ ತಲೆ ಅಲ್ಲಾಡಿದರೆ ಬಾಚಣಿಗೆಯಲ್ಲಿ ಒಂದು ಕುಟುಕು ಬೀಳುತ್ತಿತ್ತು. ನನ್ನವರು ತೀರಿಕೊಂಡು ನಾನು ನಿನ್ನ ಮನೆ ಸೇರಿದ ಮೇಲೆ ಒಂದು ಭಾನುವಾರವೂ ಅದು ತಪ್ಪಿದ್ದು ನನಗೆ ನೆನಪಿಲ್ಲ.

ನೀನು ಮೂರು ತಿಂಗಳಿಗೆಂದು ಹೋದವಳು. ಕೂಸಿಗೆ ಕತ್ತು ನಿಲ್ಲಲಿ ಬರುತ್ತೇನೆ ಎಂದೆ. ಆಮೇಲೆ ಕೂರಲು ಕಲಿಯಲಿ ಎಂದೆ. ಈಗ ನಡೆಯಲಿ ಎನ್ನುತ್ತಿದ್ದೀಯ. ತಪ್ಪು ಎನ್ನುತ್ತಿಲ್ಲ, ಸೊಸೆ ರಾತ್ರಿಯೆಲ್ಲ ಕೆಲಸ ಮಾಡಿ ಹಗಲು ಮಲಗಿದರೆ ಕೂಸನ್ನು ನೋಡುವವರು ಬೇಕಲ್ಲ. ಇಲ್ಲಿ ನಾನು ಮನೆಗೆ ಬಂದು ಬಾಗಿಲು ತೆಗೆಯುವಾಗ ‘ಬಂದೆ’ ಎನ್ನುವುದನ್ನು ಇನ್ನೂ ಬಿಟ್ಟಿಲ್ಲ. ಹೇಳಿದ ಮೇಲೆ ನನಗೇ ನಾಚಿಕೆಯಾಗುತ್ತದೆ. ಶನಿವಾರ ಸಂಜೆ ಕೆಲಸ ಮುಗಿಸಿ ಬಂದರೆ ಸೋಮವಾರ ಬೆಳಿಗ್ಗೆಯವರೆಗೆ ಮಾತಿಲ್ಲ. ಪ್ರಾರ್ಥನೆ ಒಂದಿದೆ, ಅದನ್ನೂ ನಾನು ಮೆಲ್ಲಗೆ ಹೇಳುವವಳು. ಸೋಮವಾರ ಮೊದಲ ಮಾತು ಆಡಿದಾಗ ಗಂಟಲು ಕರಕರ ಎನ್ನುತ್ತದೆ. ಮಡಿಸುವ ಮೇಜಿನಲ್ಲಿ ನನ್ನ ಜೊತೆಗಾತಿ ಗಡಿಬಿಡಿ ಇದ್ದಾಳಲ್ಲ, ಊಟದ ಗಂಟೆ ಹೊಡೆಯುವ ಮೊದಲೇ ಡಬ್ಬಿ ಮುಚ್ಚಳ ತೆಗೆಯುವವಳು, ಅವಳು ‘ಬಂತಪ್ಪ ಕಪ್ಪೆ’ ಎಂದು ಹಾಸ್ಯ ಮಾಡುತ್ತಾಳೆ. ಅವಳು ಅದು ಶೀತ ಎಂದುಕೊಂಡಿದ್ದಾಳೆ. ನಾನೂ ಹೂಂ ಎನ್ನುತ್ತೇನೆ.

ಕೂದಲಿನ ಕಥೆ ಹೀಗಾಯಿತು. ನೀನು ಹೋದ ಹೊಸದರಲ್ಲಿ ನಾನೇ ಕೈ ಹಿಂದೆ ಹಾಕಿ ಬಾಚಿಕೊಂಡೆ. ಭುಜ ಹಿಡಿದುಕೊಂಡ ಮೇಲೆ ಎಡಗೈಯಲ್ಲಿ ನೋಡಿದೆ, ಎಡಗೈಗೆ ಆ ವಿದ್ಯೆ ಬರುವುದಿಲ್ಲ. ಆಮೇಲೆ ಮುಂದಲೆಯನ್ನು ಮಾತ್ರ ನೀಟಾಗಿ ಬಾಚಿ, ಹಿಂದಲೆಗೆ ಎಣ್ಣೆ ಮೆತ್ತಿ, ಎಲ್ಲವನ್ನೂ ಸುತ್ತಿ ತುರುಬು ಹಾಕಿ ಪಿನ್ನು ಚುಚ್ಚುವುದು ರೂಢಿಯಾಯಿತು. ಕಾಣದ್ದು ತಾನೇ ಎಂದು. ಒಳಗೆ ಸಿಕ್ಕಿನ ಮೇಲೆ ಸಿಕ್ಕು ಬೀಳುತ್ತಾ ಹೋಯಿತು. ಬೆರಳಿಗೆ ಗಟ್ಟಿಯಾಗಿ ಹತ್ತಿದಾಗ ಮುಂದಿನ ಭಾನುವಾರ ನೋಡೋಣ ಎಂದು ಕೈ ತೆಗೆಯುತ್ತಿದ್ದೆ. ಪ್ರಾರ್ಥನೆ ಮಾತ್ರ ಬಿಡಲಿಲ್ಲ. ಕರೆಯುವವಳೂ ನಾನೇ, ಉತ್ತರ ಕೊಡುವವಳೂ ನಾನೇ. ಒಬ್ಬಳೇ ಎರಡೂ ಕಡೆ ಮಾತಾಡಿದರೆ ದೇವರಿಗಾದರೂ ಏನನ್ನಿಸುತ್ತದೋ.

ಹೋಟೆಲಿನಲ್ಲಿ ನಾವು ಹಾಕುವ ಟೋಪಿಯನ್ನು ಹೊಲಿದವರು ಗುಂಗುರು ಕೂದಲಿನವರನ್ನು ಕನಸಿನಲ್ಲೂ ಕಂಡಿಲ್ಲ. ನೀನು ಬಿಗಿಯಾಗಿ ಜಡೆ ಹಾಕಿದಾಗ ಅದು ನಿಲ್ಲುತ್ತಿತ್ತು. ಈ ತುರುಬಿನ ಮೇಲೆ ಅರ್ಧ ತಾಸಿಗೊಮ್ಮೆ ಜಾರಿ ಮೇಲೆ ಬರುತ್ತದೆ, ಬಾಚದ ಕೂದಲು ತುಂಡು ತುಂಡಾಗಿ ಉದುರುತ್ತದೆ. ಕಳೆದ ವಾರ ಮೇಲಿನ ಕೋಣೆಯ ಗಿರಾಕಿಯೊಬ್ಬರು ದಿಂಬಿನ ಕವರಿನ ಮೇಲೆ ಕೂದಲು ಸಿಕ್ಕಿತೆಂದು ದೂರು ಕೊಟ್ಟರಂತೆ. ನಮ್ಮ ಸೂಪರ್‌ವೈಸರಮ್ಮ ಅದನ್ನು ಬಿಳಿ ಹಾಳೆಯ ಮೇಲೆ ಟೇಪು ಹಾಕಿ ಅಂಟಿಸಿಕೊಂಡು ನೆಲಮಾಳಿಗೆಗೆ ಇಳಿದು ಬಂದರು. ಹಾಳೆ ನೋಡಿದವರೆಲ್ಲ ಆಮೇಲೆ ನನ್ನ ತಲೆ ನೋಡಿದರು. ನೇರ ಕೂದಲಿಗೆ ಈ ಕಷ್ಟವಿಲ್ಲ ನೋಡು, ಬಿದ್ದರೆ ಯಾರದೋ ಏನೋ. ನಮ್ಮದು ಬಿದ್ದರೆ ಹೆಸರು, ವಿಳಾಸ ಎರಡೂ ಹೇಳುತ್ತದೆ. ಗಡಿಬಿಡಿ ನನ್ನ ಪರ ವಕೀಲಿಕೆಗೆ ನಿಂತಳು. ‘ಅದು ಆ ಗಿರಾಕಿ ಹೆಂಡ್ತೀದೇ ಇರಬೇಕು ಮೇಡಂ’ ಎಂದಳು. ‘ಅವರು ಒಬ್ಬರೇ ಬಂದಿದ್ದಾರೆ’ ಎಂದರು ಸೂಪರ್‌ವೈಸರಮ್ಮ. ‘ಹಾಗಾದ್ರೆ ಇನ್ನೂ ಚೆನ್ನಾಗಿ ವಿಚಾರಿಸ್ಬೇಕು ಮೇಡಂ, ಹೆಂಡ್ತಿಗೆ ಒಂದು ಫೋನ್ ಮಾಡಿ’ ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು, ಸೂಪರ್‌ವೈಸರಮ್ಮನೂ ಬಾಯಿಗೆ ಕೈ ಅಡ್ಡ ಹಿಡಿದರು. ನಾನೂ ನಕ್ಕೆ. ಆದರೆ ಹಾಳೆ ಹಾಗೇ ಗೋಡೆಯ ಮೇಲೆ ಹತ್ತಿತು. ಎಲ್ಲರೂ ಎಚ್ಚರಿಕೆಯಿಂದಿರಲಿ ಎಂದು ಹಾಕಿದ್ದಂತೆ. ನಾನು ಕಣ್ಣೆತ್ತಿದಾಗೆಲ್ಲ ನನ್ನದೇ ಕೂದಲು ನನ್ನನ್ನು ನೋಡುತ್ತದೆ.

ಸೂಪರ್‌ವೈಸರಮ್ಮ ಕೆಟ್ಟವರಲ್ಲ. ನನ್ನನ್ನು ಪಕ್ಕಕ್ಕೆ ಕರೆದು, ‘ನಿಮ್ಮ ತಲೆ ಮೇಲೆ ನಂಗೇನೂ ಹಗೆ ಇಲ್ಲಮ್ಮ. ಮೇಲೆ ಪಾರ್ಲರಿನವರ ಹತ್ತಿರ ಮಾತಾಡಿದ್ದೀನಿ, ನಮ್ಮ ಕೆಲಸದೋರಿಗೆ ಅಂತ ಮಾಡಿಕೊಡ್ತಾರೆ. ಸ್ಟ್ರೈಟ್ನಿಂಗ್ ಮಾಡಿಸ್ಕೊಳ್ಳಿ, ಟೋಪಿ ಒಳಗೆ ಸುಮ್ನೆ ಕೂತಿರುತ್ತೆ. ಇಲ್ಲಾಂದ್ರೆ ನಿಮ್ಮನ್ನ ಒದ್ದೆ ಕಡೆ ಹಾಕ್ಬೇಕಾಗುತ್ತೆ, ಸೋಮವಾರ ಹೇಳಿ’ ಎಂದರು. ಒದ್ದೆ ಕಡೆ ಎಂದರೆ ನಿನಗೆ ನೆನಪಿರಬಹುದು, ಗೋಡೆಯ ಆಚೆ ದೊಡ್ಡ ಮೆಷಿನ್ನುಗಳಿರುವ ಜಾಗ. ಅಲ್ಲಿ ಕೂದಲು ಬಿದ್ದರೂ ನೀರಿನಲ್ಲಿ ಹೋಗುತ್ತದೆ, ಯಾರೂ ಕೇಳುವುದಿಲ್ಲ. ಕೆಲಸವೇನೂ ಹೆಚ್ಚಲ್ಲ. ರಬ್ಬರ್ ಬೂಟು ಹಾಕಿಕೊಂಡು ಬಟ್ಟೆ ತುಂಬುವುದು, ತೆಗೆಯುವುದು. ಆದರೆ ಒಬ್ಬರೇ ಇರಬೇಕು, ಆ ಸದ್ದಿನಲ್ಲಿ ಕೂಗಿದರೂ ಯಾರಿಗೂ ಕೇಳದು.

ಮಡಿಸುವ ಮೇಜು ಹಾಗಲ್ಲ. ಬೆಡ್‌ಶೀಟು ಇಸ್ತ್ರಿಯ ರೋಲರಿನಿಂದ ಬಿಸಿಬಿಸಿಯಾಗಿ ಬಂದಾಗ ಎರಡು ತುದಿ ನಾನು ಹಿಡಿಯುತ್ತೇನೆ, ಎರಡು ತುದಿ ಗಡಿಬಿಡಿ ಹಿಡಿಯುತ್ತಾಳೆ. ಒಮ್ಮೆ ಜಾಡಿಸಿ, ಎಳೆದು, ಎದುರುಬದುರು ನಡೆದು ಬಂದು ತುದಿಗೆ ತುದಿ ಸೇರಿಸಬೇಕು. ಸೇರಿಸುವಾಗ ಅವಳ ಬೆರಳು ನನ್ನ ಬೆರಳಿಗೆ ತಾಗುತ್ತದೆ. ಮತ್ತೆ ಹಿಂದೆ ಹೋಗುತ್ತೇವೆ, ಮತ್ತೆ ಬರುತ್ತೇವೆ. ಅಷ್ಟರಲ್ಲಿ ಅವಳು ಗಂಡನನ್ನು ಬೈದಿರುತ್ತಾಳೆ, ಮಗಳನ್ನು ಹೊಗಳಿರುತ್ತಾಳೆ, ಟಿವಿಯ ಧಾರಾವಾಹಿಯ ಅತ್ತೆಗೆ ಶಾಪ ಹಾಕಿರುತ್ತಾಳೆ. ನಿನ್ನ ಮುಂದೆ ಮುಚ್ಚುಮರೆ ಏಕೆ? ನೀನು ಹೋದ ಮೇಲೆ ಇನ್ನೊಂದು ಜೀವ ನನ್ನನ್ನು ಮುಟ್ಟುವುದು ಎಂದರೆ ಅದೊಂದೇ. ಆ ಮೇಜು ಬಿಡಲು ನನಗೆ ಮನಸ್ಸಿಲ್ಲ.

ಅದಕ್ಕೇ ನಿನ್ನೆ ಕೆಲಸ ಮುಗಿದ ಮೇಲೆ ಪಾರ್ಲರಿಗೆ ಹತ್ತಿದೆ. ಕೇಳಿ ಬರೋಣ, ಕೇಳಿದರೆ ಏನು ಹೋಗುತ್ತದೆ ಎಂದು. ಸುತ್ತ ಕನ್ನಡಿ, ಎಲ್ಲಿ ನೋಡಿದರೂ ನಾನೇ, ಅದೂ ಸೀರೆಯ ಮೇಲೆ ಲಾಂಡ್ರಿಯ ಅಂಗಿಯಲ್ಲಿ. ಅಲ್ಲಿ ಕೆಲಸ ಮಾಡುವ ಹೆಂಗಸಿಗೆ ಮೂವತ್ತೈದರ ಮೇಲಾಗಿರಬಹುದು. ಅವಳ ಕೂದಲು ನಿನ್ನ ಈಗಿನ ಕೂದಲಿನ ಹಾಗೇ ನೆಟ್ಟಗಿತ್ತು, ಆದರೆ ಬೈತಲೆಯ ಹತ್ತಿರ ಬುಡದಲ್ಲಿ ಸಣ್ಣ ಸಣ್ಣ ಸುರುಳಿ. ನಾನು ದಿಟ್ಟಿಸಿದ್ದು ನೋಡಿ ಅವಳೇ, ‘ನಂದೂ ನಿಮ್ಮ ಥರದ್ದೇ ಅಮ್ಮ. ಎಷ್ಟು ಸಲ ಎಳೆದ್ರೂ ಬುಡ ಮಾತು ಕೇಳಲ್ಲ’ ಎಂದು ನಕ್ಕಳು. ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಒಂದೊಂದೇ ಪಿನ್ನು ತೆಗೆದಳು. ತುರುಬು ಬಿಚ್ಚಿದ ಮೇಲೆ ಅವಳ ಕೈ ನಿಂತಿತು. ಒಂದು ಕೈಗನ್ನಡಿ ತಂದು ಹಿಂದೆ ಹಿಡಿದಳು. ನನ್ನ ಹಿಂದಲೆಯನ್ನು ನಾನು ಹುಟ್ಟಿದ ಮೇಲೆ ಮೊದಲ ಸಲ ನೋಡಿದ್ದು ಅಕ್ಕಾ. ಪಾತ್ರೆ ಉಜ್ಜುವ ನಾರಿನ ಉಂಡೆಯೊಂದನ್ನು ಯಾರೋ ಅಂಟಿಸಿದ ಹಾಗಿತ್ತು. ‘ಇದರ ಮೇಲೆ ಮೆಷಿನ್ ಇಟ್ರೆ ಸುಟ್ಟ ವಾಸನೆ ಬರುತ್ತೆ ಅಷ್ಟೆ. ಮೊದಲು ಸಿಕ್ಕು ಬಿಡಿಸ್ಬೇಕು, ಆಗದಿದ್ರೆ ಅಷ್ಟನ್ನ ಕತ್ತರಿಸಿ ತೆಗೀಬೇಕು’ ಎಂದಳು. ಆಮೇಲೆ ಬೆರಳು ಆಡಿಸುತ್ತಾ, ಬೇರೆ ಯಾವ ಯೋಚನೆಯೂ ಇಲ್ಲದೆ, ‘ಮನೇಲಿ ಹಿಂದೆ ಬಾಚೋರು ಯಾರೂ ಇಲ್ವಾ ಅಮ್ಮ?’ ಎಂದು ಕೇಳಿದಳು.

ನನಗೆ ಅಳು ಬಂದುಬಿಟ್ಟಿತು. ಮುಖಕ್ಕೆ ಸೆರಗು ಒತ್ತಿಕೊಂಡರೆ ಸುತ್ತಲಿನ ಕನ್ನಡಿಯಲ್ಲೆಲ್ಲ ಸೆರಗು ಒತ್ತಿಕೊಂಡವರೇ. ಅವಳು ಗಾಬರಿಯಾಗಿ ಕೈ ತೆಗೆದು ‘ಎಳೆದುಬಿಟ್ನಾ? ನೋಯ್ತಾ?’ ಎಂದಳು. ‘ಹೂಂ, ನೋಯ್ತು’ ಎಂದೆ. ಬೇರೆ ಏನು ಹೇಳಲಿ. ಅವಳು ಒಂದು ಬಟ್ಟಲಲ್ಲಿ ಏನನ್ನೋ ಕಲಸಿ ಹಚ್ಚಿ, ತುದಿಯಿಂದ ಶುರುಮಾಡಿ ತುಂಬ ಹೊತ್ತು ಬಿಡಿಸಿದಳು. ಅವಳಿಗೂ ಯಾರೋ ಕಲಿಸಿದ್ದಾರೆ, ತುದಿಯಿಂದಲೇ ಶುರುಮಾಡಿದಳು. ಒಂದು ಹಿಡಿಯಷ್ಟು ಬಿಟ್ಟಿತು, ಉಳಿದದ್ದು ಜಪ್ಪಯ್ಯ ಅಂದರೂ ಬಿಡಲಿಲ್ಲ. ‘ಸೋಮವಾರ ಬೆಳಿಗ್ಗೆನೇ ಬನ್ನಿ, ಏನಾದ್ರೂ ಮಾಡೋಣ’ ಎಂದು ಕಳಿಸಿದಳು.

ಮನೆಗೆ ನಡೆದು ಬರುವಾಗ ನನಗೆ ಹೊಳೆದದ್ದನ್ನು ನೀನು ಹೌದು ಎನ್ನದಿದ್ದರೂ ನಾನು ಬರೆಯುತ್ತೇನೆ. ಸೊಸೆ ರಾತ್ರಿ ಕೆಲಸ ಮಾಡಿ ಹಗಲು ಮಲಗುತ್ತಾಳೆ. ಹುಡುಗ ರಸ್ತೆಯ ಮೇಲೇ ಇರುತ್ತಾನೆ. ಕೂಸಿಗೆ ಬಾಚಣಿಗೆ ಕೊಟ್ಟರೆ ಬಾಯಿಗೆ ಹಾಕಿಕೊಳ್ಳುತ್ತದೆ. ಹಾಗಾದರೆ ಅಲ್ಲಿ ನಿನ್ನ ಹಿಂದಲೆಯನ್ನು ಯಾರು ಬಾಚುತ್ತಿದ್ದರು? ನಿನಗೂ ಸಿಕ್ಕು ಬಿದ್ದಿತ್ತು ಅಲ್ಲವೇ? ಸೊಸೆ ನೋಡಿ, ಪಾಪ, ತನಗೆ ತಿಳಿದ ಉಪಾಯ ಮಾಡಿದ್ದಾಳೆ. ಬೇರೆಯವರನ್ನು ಕರೆಯಲು ನಿನಗೆ ಸಂಕೋಚ, ಕರೆಯದೆ ಇರಲು ಕೂದಲು ಬಿಡುವುದಿಲ್ಲ. ಆ ಸಂಕೋಚಕ್ಕೇ ನೀನು ಹಂಗು ಎಂದು ಹೆಸರಿಟ್ಟೆ. ನನಗೆ ಅದು ನಿನ್ನ ಫೋಟೋ ಬಂದ ದಿನವೇ ಹೊಳೆಯಬೇಕಿತ್ತು. ನನ್ನ ದುಃಖವೇ ದೊಡ್ಡದಾಗಿ ಕಂಡಿತು. ಇಬ್ಬರು ಅಕ್ಕತಂಗಿಯರು ಎರಡು ಕಡೆ ಕೂತು, ಒಬ್ಬರ ತಲೆ ಇನ್ನೊಬ್ಬರಿಗೆ ನಿಲುಕದೆ, ಇಬ್ಬರೂ ಪಾರ್ಲರು ಹತ್ತಿದ ಹಾಗಾಯಿತು. ಅಮ್ಮ ಇದ್ದಿದ್ದರೆ ಇಬ್ಬರಿಗೂ ಬಾಚಣಿಗೆಯಲ್ಲೇ ಬಾರಿಸುತ್ತಿದ್ದಳು.

ಇವತ್ತು ಬೆಳಿಗ್ಗೆ ತಲೆ ತೊಳೆಯಲಿಲ್ಲ. ದೇವರ ಮುಂದೆ ಕೂತು ಕೇಳಿದೆ, ಏನು ಮಾಡಲಿ ಹೇಳು ಎಂದು. ಜೀವ ಹೋಗುವಂಥದ್ದಿದ್ದರೆ ಅವನು ಏನಾದರೊಂದು ದಾರಿ ತೋರಿಸುತ್ತಾನೆ, ಇಂಥದಕ್ಕೆಲ್ಲ ಬಾಯಿ ಬಿಡುವುದಿಲ್ಲ. ಅವನು ಸುತ್ತಿ ಕೊಟ್ಟದ್ದನ್ನು ನಾನು ಬಿಚ್ಚಿ ನೇರ ಮಾಡಿದರೆ ಅವನಿಗೆ ಬೇಸರವಾದೀತೇ? ಆಗಲಾರದು. ಲೋಕದ ಇಷ್ಟು ಗೋಳು ನೋಡುವವನಿಗೆ ನನ್ನ ತಲೆ ಯಾವ ಲೆಕ್ಕ. ಬೇಸರವಾಗುವುದಿದ್ದರೆ ನನಗೇ. ಆ ಕುರ್ಚಿಯಿಂದ ನೇರ ಕೂದಲಲ್ಲಿ ಎದ್ದರೆ, ಇನ್ನು ನನ್ನ ಹಿಂದೆ ನಿಲ್ಲುವವರು ಯಾರೂ ಬೇಡ ಎಂದು ನಾನೇ ಒಪ್ಪಿ ರುಜು ಹಾಕಿದ ಹಾಗೆ ಅನ್ನಿಸುತ್ತದೆ. ನೀನು ಬರುವುದಿಲ್ಲ ಎಂದು ನೀನು ಹೇಳಿಲ್ಲ. ನಾನೇ ಹೇಳಿದ ಹಾಗಾಗುತ್ತದೆ. ಆದರೆ ಮೇಜು ಬಿಟ್ಟು ಒದ್ದೆ ಕಡೆ ಹೋದರೆ ವಾರದ ಏಳೂ ದಿನ ಭಾನುವಾರವಾಗುತ್ತದೆ ನನಗೆ. ಹಾಗಾಗಿ ಮಾಡಿಸಿಕೊಳ್ಳುವುದು ಎಂದೇ ಇದ್ದೇನೆ. ಮುಂದಿನ ಫೋಟೋದಲ್ಲಿ ನನ್ನ ಗುರುತು ನಿನಗೆ ಸಿಗದಿದ್ದರೆ ಬೈಯಬೇಡ, ನಾನೂ ನಿನ್ನನ್ನು ಬೈಯುವುದಿಲ್ಲ.

ಇನ್ನೇನು ಬರೆಯಲಿ. ಕೆಳಗಿನ ಅಂಗಡಿಯ ಸೈಕಲ್ ರಿಪೇರಿಯವನು ನಿನ್ನನ್ನು ಕೇಳುತ್ತಿರುತ್ತಾನೆ, ‘ದೊಡ್ಡಮ್ಮ ಇಲ್ದೆ ನಂಗೆ ಬೈಯೋರೇ ಇಲ್ಲ’ ಎನ್ನುತ್ತಾನೆ. ನಲ್ಲಿ ಇನ್ನೂ ಸೋರುತ್ತಿದೆ. ಕೂಸಿನ ಹಣೆಗೆ ನನ್ನದೊಂದು ಮುತ್ತು ಕೊಡು. ಹುಡುಗನಿಗೂ ಸೊಸೆಗೂ ನನ್ನ ಆಶೀರ್ವಾದ. ನಿನ್ನ ಮಂಡಿಯನ್ನೂ ನಿನ್ನನ್ನೂ ದೇವರು ಚೆನ್ನಾಗಿಟ್ಟಿರಲಿ ಎಂದು ದಿನವೂ ಕೇಳಿಕೊಳ್ಳುತ್ತೇನೆ, ಅದನ್ನು ತಪ್ಪಿಸಿಲ್ಲ.

ನಿನ್ನ ತಂಗಿ,
ಚಿಕ್ಕ ಗುಂಗುರು

ತಾ.ಕ. — ಸೋಮವಾರ, ಊಟದ ಬಿಡುವು. ನಿನ್ನೆಯೇ ಅಂಚೆಗೆ ಹಾಕದೆ ಬ್ಯಾಗಿನಲ್ಲಿ ಇಟ್ಟುಕೊಂಡು ಬಂದದ್ದು ಒಳ್ಳೆಯದಾಯಿತು. ಮಡಿಸುವ ಮೇಜಿನ ಮೇಲಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಓಡಿದೆ, ಹೊಂದಿಸಿಕೊಂಡು ಓದು. ಬೆಳಿಗ್ಗೆ ಪಾರ್ಲರಿಗೆ ಹೋದೆ. ಸಿಕ್ಕು ಬಿಡಲಿಲ್ಲ, ಕತ್ತರಿಸಿ ತೆಗೆಯಬೇಕಾಯಿತು. ಅವಳು, ‘ಹಿಂದೆ ಹಳ್ಳ ಬಿದ್ದಿದೆ ಅಮ್ಮ, ಮಿಕ್ಕಿದ್ದನ್ನ ನೇರ ಮಾಡಿ ಮೇಲೆ ಇಳಿಬಿಟ್ರೆ ಮುಚ್ಚಿಹೋಗುತ್ತೆ, ಯಾರಿಗೂ ಗೊತ್ತಾಗಲ್ಲ’ ಎಂದಳು. ಮೆಷಿನ್ನು ಬಿಸಿಯಾಗಿ ಕೈಯಲ್ಲಿ ಹಿಡಿದಿದ್ದಳು. ಹೂಂ ಎನ್ನಲು ಬಾಯಿ ತೆಗೆದೆ, ಬಂದದ್ದು ಬೇರೆ. ‘ಮುಚ್ಚೋದು ಬೇಡ. ಹಳ್ಳದ ಮಟ್ಟಕ್ಕೆ ಎಲ್ಲಾನೂ ಇಳಿಸಿಬಿಡು’ ಎಂದೆ. ಎರಡು ಸಲ ಕೇಳಿದಳು, ಎರಡು ಸಲವೂ ಅದನ್ನೇ ಹೇಳಿದೆ. ಈಗ ನನ್ನ ಕೂದಲು ಕಿವಿಯ ಮೇಲೇ ನಿಂತಿದೆ, ಎಲ್ಲ ಸುರುಳಿ ಸುರುಳಿ. ಭಾರ ಇಳಿದು ಕತ್ತು ತಾನಾಗಿ ಮೇಲೇಳುತ್ತದೆ. ಗಡಿಬಿಡಿ ಹಿಂದಿನಿಂದ ನೋಡಿ ಹೊಸ ಹುಡುಗಿ ಸೇರಿದ್ದಾಳೆ ಅಂದುಕೊಂಡಳಂತೆ, ‘ತಿರುಗೋ ತನಕ ಖುಷಿಯಾಗಿದ್ದೆ’ ಎಂದಳು. ಸೂಪರ್‌ವೈಸರಮ್ಮ ಟೋಪಿ ಎಳೆದು ನೋಡಿ, ಜಾರದಿದ್ದದ್ದಕ್ಕೆ ಸರಿ ಎಂದರು. ಗೋಡೆಯ ಹಾಳೆ ನಾನೇ ಕಿತ್ತೆ. ಇನ್ನು ನಲ್ಲಿಯ ಕೆಳಗೆ ತಲೆ ಬಗ್ಗಿಸಿ ಎಡಗೈ ಆಡಿಸಿದರೆ ಮುಗಿಯಿತು, ಹಿಂದಲೆಗೆ ಇನ್ನೊಬ್ಬರ ಕೈ ಬೇಕಿಲ್ಲ. ಮೇಲೆ ಏನೇನೋ ಬರೆದಿದ್ದೇನೆ, ಹೇಳಬೇಕಾಗಿದ್ದು ಒಂದನ್ನು ಬಿಟ್ಟು. ಗಂಟೆ ಹೊಡೆಯಿತು, ಗಡಿಬಿಡಿ ಎರಡು ತುದಿ ಹಿಡಿದು ಕಾಯುತ್ತಿದ್ದಾಳೆ. ಅಕ್ಕಾ, ನೀನು ಬಂದರೆ ಇಲ್ಲಿ ನಿನಗೆ ಈಗ ಕೆಲಸವೇನೂ ಇಲ್ಲ. ನನ್ನ ತಲೆಗೋಸ್ಕರ ಬರಬೇಕಾಗಿಲ್ಲ. ಸುಮ್ಮನೆ ಬಾ.